ಕಂಪನಿಯ ಆರ್ಮ್ ಕಳಚುವ ಮುನ್ನ

ಮಲೆನಾಡಿನ ಕಾಫಿ ತೋಟಗಳಲ್ಲಿ, ಹೋಂಸ್ಟೇಗಳ ಅಂಗಳದಲ್ಲಿ ನಾಲ್ಕು ದಪ್ಪ ಗಾಲಿಗಳ ಎ.ಟಿ.ವಿ. ಈಗ ಅಪರೂಪದ ನೋಟವಲ್ಲ. ಗೊಬ್ಬರದ ಚೀಲ ಸಾಗಿಸಲು ಕೊಂಡವರಿದ್ದಾರೆ, ಅತಿಥಿಗಳನ್ನು ಗುಡ್ಡ ಹತ್ತಿಸಲು ಕೊಂಡವರೂ ಇದ್ದಾರೆ. ಕೆಲವರಿಗೆ ಕೊಂಡ ಕೆಲವೇ ತಿಂಗಳಲ್ಲಿ ಅದು ಸಾಲದೆನಿಸುತ್ತದೆ. ಕಂಪನಿ ಜೋಡಿಸಿದ ಸಸ್ಪೆನ್ಶನ್ ಆರ್ಮ್‌ಗಳನ್ನು ತೆಗೆದು, ಉದ್ದನೆಯ ಅಥವಾ ಮುಂದಕ್ಕೆ ಬಾಗಿದ ಬೇರೆ ಆರ್ಮ್ ಹಾಕಿಸಿ, ದೊಡ್ಡ ಟಯರ್ ತೊಡಿಸಿ, ಹಳ್ಳಕ್ಕೂ ಹುಲ್ಲುಗಾವಲಿಗೂ ನುಗ್ಗಿಸುವ ಹಂಬಲ ಹುಟ್ಟುತ್ತದೆ. ಈ ಹಂಬಲದ ಬೆಲೆಯನ್ನು ತೆರುವವರು ಯಾರೆಂಬುದನ್ನು ಮಲೆನಾಡಿಗರು ಕೇಳಬೇಕಾಗಿದೆ.

ಸಾಮಾನ್ಯವಾಗಿ ಎ.ಟಿ.ವಿ.ಯ ಮುಂಗಾಲಿ ಒಂದೊಂದಕ್ಕೂ ಮೇಲೊಂದು ಕೆಳಗೊಂದರಂತೆ, ಇಂಗ್ಲಿಷಿನ ಎ ಅಕ್ಷರದ ಆಕಾರದ ಎರಡು ಆರ್ಮ್‌ಗಳಿರುತ್ತವೆ. ಅವುಗಳ ಒಂದು ತುದಿ ಚಾಸಿಗೆ ಬುಶ್ ಮತ್ತು ಬೋಲ್ಟುಗಳಿಂದ, ಇನ್ನೊಂದು ತುದಿ ಗಾಲಿಯ ಕಡೆಗೆ ಬಾಲ್ ಜಾಯಿಂಟಿನಿಂದ ಜೋಡಣೆಗೊಂಡಿರುತ್ತದೆ. ಕೆಸರು ತುಂಬಿ ಬುಶ್ ಸವೆದಾಗ, ಬಾಲ್ ಜಾಯಿಂಟ್ ಸಡಿಲಗೊಂಡಾಗ, ಕಲ್ಲಿಗೆ ಬಡಿದು ಆರ್ಮ್ ಬಾಗಿದಾಗ ಅದನ್ನು ಕಳಚುವುದು ಅನಿವಾರ್ಯ. ವಾಹನದ ಚಾಸಿಯನ್ನು ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗಾಲಿ ತೆಗೆದು, ಬ್ರೇಕ್ ಕ್ಯಾಲಿಪರನ್ನು ಅದರ ಪೈಪಿಗೆ ಜೋತುಬೀಳದಂತೆ ತಂತಿಯಿಂದ ಕಟ್ಟಿ, ಶಾಕ್ ಅಬ್ಸಾರ್ಬರ್, ಬಾಲ್ ಜಾಯಿಂಟ್, ಕೊನೆಗೆ ಚಾಸಿಯ ಬೋಲ್ಟುಗಳನ್ನು ಬಿಡಿಸುವುದು ರೂಢಿ. ಹೀಗೆ ದುರಸ್ತಿ ಮಾಡಿ, ಅದೇ ಅಳತೆಯ ಆರ್ಮನ್ನು ಮರಳಿ ಜೋಡಿಸಿದರೆ ವಾಹನದ ಆಯುಷ್ಯ ಹೆಚ್ಚುತ್ತದೆ. ಇದಕ್ಕೆ ಯಾರ ಆಕ್ಷೇಪವೂ ಇರಲಾರದು.

ಆಕ್ಷೇಪವಿರುವುದು ಅಳತೆ ಬದಲಿಸುವ ವಿಚಾರದಲ್ಲಿ. ವಾಹನ ಎತ್ತರವಾದಷ್ಟೂ ಅದರ ಗುರುತ್ವ ಕೇಂದ್ರ ಮೇಲೇರುತ್ತದೆ, ಓರೆಯಾದ ಇಳಿಜಾರಿನಲ್ಲಿ ಮಗುಚುವ ಭಯ ಹೆಚ್ಚುತ್ತದೆ. ಆರ್ಮ್ ಉದ್ದವಾಗಿ ಅಗಲವೂ ಹೆಚ್ಚಿದರೆ ಆ ಭಯ ತುಸು ತಗ್ಗೀತು, ಆದರೆ ತೋಟದ ಕಿರುದಾರಿಯಲ್ಲಿ ತಿರುಗುವುದೇ ಕಷ್ಟವಾಗುತ್ತದೆ. ಆ್ಯಕ್ಸಲಿನ ಕೀಲುಗಳು ಹೆಚ್ಚು ಓರೆಯಾಗಿ ತಿರುಗಿ ಬೇಗ ಸವೆಯುತ್ತವೆ. ಅವುಗಳ ರಬ್ಬರ್ ಹೊದಿಕೆ ಹರಿದರೆ ಗ್ರೀಸು ಹಳ್ಳದ ನೀರಿಗೆ ಸೇರುತ್ತದೆ.

ಇದು ವಾಹನದ ಮಾತಾಯಿತು. ಮಣ್ಣಿನ ಮಾತು ಇದಕ್ಕಿಂತ ದೊಡ್ಡದು. ಎ.ಟಿ.ವಿ.ಯ ಟಯರಿನಲ್ಲಿ ಗಾಳಿಯ ಒತ್ತಡ ಕಡಿಮೆ. ನಿಧಾನವಾಗಿ ಸಾಗಿದರೆ ಅದು ನೆಲವನ್ನು ಜೀಪಿನಷ್ಟು ಒತ್ತುವುದಿಲ್ಲ ಎಂಬುದು ನಿಜ. ಆದರೆ ಆಳವಾದ ಗುಬುಟುಗಳಿರುವ ಟಯರು ಕೆಸರಿನಲ್ಲಿ ನಿಂತಲ್ಲೇ ತಿರುಗಿದಾಗ ನೆಲವನ್ನು ಒತ್ತುವುದಷ್ಟೇ ಅಲ್ಲ, ಹುಲ್ಲಿನ ಬೇರನ್ನು ಕತ್ತರಿಸುತ್ತದೆ. ಒದ್ದೆ ಮಣ್ಣು ಗಟ್ಟಿಯಾಗುವುದರಲ್ಲಿ ಬಹುಪಾಲು ಮೊದಲ ಕೆಲವು ಓಡಾಟಗಳಲ್ಲೇ ಮುಗಿದುಹೋಗುತ್ತದೆಂಬುದು ಮಣ್ಣುವಿಜ್ಞಾನದ ಸ್ಥಿರ ಪಾಠ. 'ಒಂದೇ ಸಲ ಹೋಗಿ ಬಂದೆವು' ಎಂಬ ಸಮಾಧಾನಕ್ಕೆ ಆದ್ದರಿಂದ ಅರ್ಥವಿಲ್ಲ. ಗಟ್ಟಿಯಾದ ನೆಲದಲ್ಲಿ ಮಳೆನೀರು ಇಂಗುವುದಿಲ್ಲ. ಗಾಲಿಯ ಗುರುತನ್ನೇ ಕಾಲುವೆ ಮಾಡಿಕೊಂಡು ಇಳಿಯುತ್ತದೆ. ಎರಡು ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಗುರುತು ಕೊರಕಲಾಗುತ್ತದೆ. ಮೇಲ್ಮಣ್ಣು ಕೆಳಗಿನವರ ಗದ್ದೆ, ಕೆರೆ, ತೊರೆಗಳನ್ನು ಸೇರುತ್ತದೆ.

ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಹೆಸರು ಹೊತ್ತ ಕುಣಿಯುವ ಕಪ್ಪೆಯೊಂದಿದೆ. ಅದರ ಹೆಣ್ಣು ತೊರೆಯ ತಳವನ್ನು ಹಿಂಗಾಲಿನಿಂದ ಕೆದಕಿ, ಮೊಟ್ಟೆಯಿಟ್ಟು, ಜಲ್ಲಿಯಿಂದ ಮುಚ್ಚುತ್ತದೆ. ಅಂಥ ತಳದ ಮೇಲೆ ಹರಿಯುವ ಗಾಲಿಗೆ ಆ ಮೊಟ್ಟೆಗಳು ಕಾಣುವುದಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟಿನಲ್ಲಿ ಮೂಡಿಗೆರೆಯ ಕಡೆಯಲ್ಲಿ ಗುಡ್ಡಗಳು ಜಾರಿದವು. ಅದಕ್ಕೆ ಎ.ಟಿ.ವಿ. ಕಾರಣವೆಂದರೆ ಅಸತ್ಯವಾದೀತು. ಆದರೆ ಕಡಿದ ಇಳಿಜಾರಿನಲ್ಲಿ ನೀರು ಏನು ಮಾಡಬಲ್ಲದೆಂಬುದನ್ನು ಕಂಡ ಜನ ಹೊಸ ಗಾಯಗಳಿಗೆ ಅವಕಾಶ ಕೊಡಬಾರದು.

ಕಾನೂನು ಮೌನವಾಗಿಲ್ಲ. ನೋಂದಣಿಯಾದ ವಾಹನದ ಮೂಲ ವಿನ್ಯಾಸಕ್ಕೆ ವಿರುದ್ಧವಾದ ಮಾರ್ಪಾಡನ್ನು ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ತಡೆಯುತ್ತದೆ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿ ಅಕ್ರಮ ಮಾರ್ಪಾಡೊಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆಯನ್ನು, ಇಲ್ಲವೇ ಎರಡನ್ನೂ ವಿಧಿಸುತ್ತದೆ. ನೋಂದಣಿಯಿಲ್ಲದ ಎ.ಟಿ.ವಿ.ಯನ್ನು ಸಾರ್ವಜನಿಕ ರಸ್ತೆಗಿಳಿಸುವಂತೆಯೇ ಇಲ್ಲ.

ಪ್ರವಾಸಿಗರಿಂದ ನಾಲ್ಕು ಮನೆಗಳ ಒಲೆ ಉರಿಯುತ್ತಿದೆಯೆಂಬ ವಾದವನ್ನು ತಳ್ಳಿಹಾಕಲಾಗದು. ಹಾಗಿದ್ದರೆ ವಾಹನ ಸ್ವಂತ ತೋಟದ ಗಟ್ಟಿ ದಾರಿಯಲ್ಲಿ ಓಡಲಿ, ಮಳೆಗಾಲದಲ್ಲಿ ಶೆಡ್ಡಿನಲ್ಲಿರಲಿ, ತೊರೆ ದಾಟುವ ಆಟ ನಿಲ್ಲಲಿ. ಗೋಮಾಳ, ಹುಲ್ಲುಗಾವಲುಗಳಿಗೆ ಗಾಲಿ ಇಳಿಯಬಾರದೆಂದು ಗ್ರಾಮಸಭೆಗಳು ಠರಾವು ಮಾಡಲಿ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ತೊರೆಗಳ ಪಟ್ಟಿ ಮಾಡಲಿ. ವಿದ್ಯಾರ್ಥಿಗಳು ತಮ್ಮೂರ ಗುಡ್ಡದ ಒಂದು ಗಾಲಿಗುರುತಿನ ಆಳವನ್ನು ಮಳೆಗೆ ಮುನ್ನ ಒಮ್ಮೆ, ಮಳೆಯ ನಂತರ ಒಮ್ಮೆ ಅಳೆದು ಬರೆದಿಡಲಿ. ಆ ಎರಡು ಅಂಕಿಗಳು ಯಾವ ಭಾಷಣಕ್ಕಿಂತಲೂ ಗಟ್ಟಿಯಾಗಿ ಮಾತನಾಡುತ್ತವೆ.

ಕಳಚಿದ ಆರ್ಮನ್ನು ಗ್ಯಾರೇಜಿನಲ್ಲಿ ಒಂದು ದಿನದಲ್ಲಿ ಮರಳಿ ಜೋಡಿಸಬಹುದು. ತೊಳೆದುಹೋದ ಮೇಲ್ಮಣ್ಣನ್ನು ಗುಡ್ಡಕ್ಕೆ ಮರಳಿ ಜೋಡಿಸುವ ಗ್ಯಾರೇಜು ಎಲ್ಲಿಯೂ ಇಲ್ಲ.