ಹೆಸರಿಲ್ಲದ ಕ್ಯಾಸೆಟ್ಟು

ದಿಂಡಿಗಲ್ಲಿನಿಂದ ಓದುಗರೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ಅವರ ತಂದೆಯವರು ತೀರಿಕೊಂಡ ಬಳಿಕ ಅಟ್ಟವನ್ನು ಗುಡಿಸುವಾಗ ತಗಡಿನ ಪೆಟ್ಟಿಗೆಯೊಂದು ಸಿಕ್ಕಿತಂತೆ. ಅದರ ತುಂಬ ಹಳೆಯ ಕನ್ನಡ ಚಲನಚಿತ್ರಗಳ ವಿಡಿಯೋ ಕ್ಯಾಸೆಟ್ಟುಗಳು. ಒಂದೊಂದನ್ನು ಕಂಪ್ಯೂಟರಿಗೆ ಇಳಿಸಿಕೊಡಲು ಅಂಗಡಿಯವರು ಕೇಳುವ ಹಣ ಕಡಿಮೆಯದಲ್ಲ. "ಎಲ್ಲವನ್ನೂ ಇಳಿಸಿಕೊಳ್ಳುವ ಶಕ್ತಿ ನಮಗಿಲ್ಲ. ಯಾವುದು ಒಳ್ಳೆಯ ಚಿತ್ರ, ಯಾವುದು ಅಗ್ಗದ ಚಿತ್ರ ಎಂದು ತಾವು ಗುರುತು ಹಾಕಿಕೊಟ್ಟರೆ ಒಳ್ಳೆಯದನ್ನು ಇಟ್ಟುಕೊಂಡು ಮಿಕ್ಕದ್ದನ್ನು ಹಳೇ ಸಾಮಾನಿನವನಿಗೆ ಹಾಕಿಬಿಡುತ್ತೇವೆ" ಎಂದು ಬರೆದು, ಜೊತೆಗೆ ಪಟ್ಟಿಯನ್ನೂ ಲಗತ್ತಿಸಿದ್ದಾರೆ.

ಪತ್ರವನ್ನು ಓದಿದೊಡನೆ ಕೆಂಪು ಶಾಯಿಯ ಪೆನ್ನಿಗೆ ನಮ್ಮ ಕೈ ಹೋದದ್ದು ನಿಜ. ಮೂವತ್ತು ವರ್ಷ ಉತ್ತರಪತ್ರಿಕೆಗಳನ್ನು ತಿದ್ದಿದವರ ಕೈ ಅದು. ಆದರೆ ಪಟ್ಟಿಯ ಮೇಲೆ ಗುರುತು ಹಾಕಲು ನಮ್ಮಿಂದ ಆಗಲಿಲ್ಲ. ಏಕೆಂಬುದನ್ನು ಈ ತಿಂಗಳ ಅಂಕಣದಲ್ಲಿ ಬರೆಯಬೇಕಾಗಿದೆ.

ನಾವು ಉಪಾಧ್ಯಾಯರ ತರಬೇತಿ ಪಡೆದದ್ದು ಮೈಸೂರಿನಲ್ಲಿ. ಅಲ್ಲಿ ಮೌಲ್ಯಮಾಪನದ ಪಾಠ ಹೇಳುತ್ತಿದ್ದ ಗುರುಗಳು ಮೊದಲ ದಿನವೇ ಒಂದು ಮಾತು ಹೇಳಿದ್ದರು: ಉತ್ತರಪತ್ರಿಕೆಯನ್ನು ಬಿಚ್ಚುವ ಮೊದಲು ಪ್ರಶ್ನೆಪತ್ರಿಕೆಯನ್ನು ಓದಿರಿ. ಕೇಳಿದ ಪ್ರಶ್ನೆ ಯಾವುದು, ಕೊಟ್ಟ ಕಾಲವೆಷ್ಟು ಎಂಬುದನ್ನು ತಿಳಿಯದೆ ಅಂಕ ಹಾಕುವವನು ಮಾಸ್ತರನಲ್ಲ. ಶಾಲೆಯಲ್ಲಿ ಈ ನಿಯಮವನ್ನು ನಾವು ಪಾಲಿಸಿದ್ದೇವೆ. ಮನೆಯಲ್ಲಿ ಟಿ.ವಿ.ಯ ಮುಂದೆ ಕುಳಿತಾಗ ಮಾತ್ರ ಪಾಲಿಸಲಿಲ್ಲ.

ಕಳೆದ ಬೇಸಗೆ ರಜೆಯಲ್ಲಿ ನಮ್ಮ ಮನೆಗೆ ಬಂದಿದ್ದ ತಂಗಿಯ ಮಕ್ಕಳಿಗೆ 'ಜೇಡರ ಬಲೆ'ಯನ್ನು ತೋರಿಸಿದೆವು. 1968ರ ಚಿತ್ರ, ದೊರೈ-ಭಗವಾನ್ ಜೋಡಿಯ ನಿರ್ದೇಶನ, ರಾಜಕುಮಾರರು ಸಿ.ಐ.ಡಿ. 999 ಆಗಿ ಬರುವ, ಕನ್ನಡದಲ್ಲಿ ಬಾಂಡ್ ಮಾದರಿಗೆ ದಾರಿ ತೆಗೆದ ಪತ್ತೇದಾರಿ ಕಥೆ. ಹುಡುಗರು ಐದು ನಿಮಿಷ ಸುಮ್ಮನಿದ್ದರು. ಖಳನಾಯಕರ ಅಡಗುದಾಣ ಬಂದದ್ದೇ ತಡ, ದೊಡ್ಡವನು ರಿಮೋಟಿನ ಗುಂಡಿಯೊತ್ತಿ ಚಿತ್ರವನ್ನು ನಿಲ್ಲಿಸಿದ. "ಮಾಮಾ, ಇದು ರಟ್ಟು. ಬಣ್ಣ ಬಳಿದ ರಟ್ಟು" ಎಂದ. ಚಿಕ್ಕವಳು ಎದ್ದು ಹೋಗಿ ಗಾಜಿನ ಮೇಲೆ ಬೆರಳಿಟ್ಟು ತೋರಿಸಿದಳು. ಆಮೇಲೆ ಚಿತ್ರವನ್ನು ನೋಡಲಿಲ್ಲ. ತಪ್ಪು ಹುಡುಕುವ ಆಟವನ್ನಾಡಿದರು. ನಾವೂ ನಕ್ಕೆವು ಎಂಬುದನ್ನು ಮುಚ್ಚಿಡಲಾರೆವು.

ಆದರೆ ರಾತ್ರಿ ಮಲಗಿದ ಮೇಲೆ ಯೋಚನೆ ಹತ್ತಿತು. ಆ ರಟ್ಟನ್ನು ನಿಲ್ಲಿಸಿದವನು ಅದನ್ನು ನಿಲ್ಲಿಸಿ ನೋಡುವವನಿಗಾಗಿ ಮಾಡಿರಲಿಲ್ಲ. ನಮ್ಮ ಕಂಬಂ ಕಣಿವೆಯಲ್ಲಿ ನಾವು ಬಾಲಕರಾಗಿದ್ದಾಗ ಗದ್ದೆ ಕೊಯ್ದ ಬಯಲಿನಲ್ಲಿ ಟೂರಿಂಗ್ ಟಾಕೀಸಿನ ಗುಡಾರ ಏಳುತ್ತಿತ್ತು. ಅಲ್ಲಿದ್ದುದು ಒಂದೇ ಯಂತ್ರ. ರೀಲು ಮುಗಿದಾಗಲೆಲ್ಲ ದೀಪ ಹತ್ತುತ್ತಿತ್ತು. ಸುಕ್ಕು ಕಾಫಿ, ಮುರುಕು ಮಾರುವವರು ಒಳನುಗ್ಗುತ್ತಿದ್ದರು. ಮರಳನ್ನು ಗುಡ್ಡೆ ಮಾಡಿ ಅದರ ಮೇಲೆ ಕುಳಿತು, ಮುಂದಿನವರ ತಲೆಗಳ ಸಂದಿನಿಂದ ನೋಡುವವರಿಗೆ ಒಂದು ದೃಶ್ಯ ಸಿಗುತ್ತಿದ್ದುದು ಒಂದೇ ಸಲ, ಅದೂ ಮೂರು ನಾಲ್ಕು ಕ್ಷಣ. ಆ ಮೂರು ಕ್ಷಣಕ್ಕೆ ಆ ರಟ್ಟು ಸಾಕಾಗಿತ್ತು. ಅದಕ್ಕಿಂತ ಹೆಚ್ಚು ಖರ್ಚು ಮಾಡಿದ್ದರೆ ಆ ಕಾಲದ ಪುಟ್ಟ ಕನ್ನಡ ಮಾರುಕಟ್ಟೆಯಲ್ಲಿ ನಿರ್ಮಾಪಕ ಮನೆ ಮಾರಿಕೊಳ್ಳಬೇಕಾಗುತ್ತಿತ್ತು.

ಇನ್ನೊಂದು ಮಾತಿದೆ. ಕ್ಯಾಸೆಟ್ಟಿನಲ್ಲಿ ನಾವು ನೋಡುವುದು ಆ ಚಿತ್ರವನ್ನೇ ಅಲ್ಲ. 1982ರ ಏಷ್ಯನ್ ಕ್ರೀಡಾಕೂಟದ ವೇಳೆಗೆ ಬಣ್ಣದ ಟಿ.ವಿ. ದೇಶಕ್ಕೆ ಬಂದು, ಅದರ ಬೆನ್ನಿಗೇ ವಿಡಿಯೋ ಡೆಕ್ಕು ಹಳ್ಳಿಹಳ್ಳಿಗೂ ಬಾಡಿಗೆಗೆ ಸಿಗುವಂತಾಯಿತು. ಮದುವೆ, ಜಾತ್ರೆ ಎಂದರೆ ಡೆಕ್ಕು ತಂದು ಸಂಜೆಯಿಂದ ಬೆಳಗಿನವರೆಗೆ ಮೂರು ಚಿತ್ರ ಹಾಕುವುದು ರೂಢಿ. ಕ್ಯಾಸೆಟ್ಟುಗಳಾದರೋ ಪ್ರತಿಯ ಪ್ರತಿ, ಅದರ ಮತ್ತೊಂದು ಪ್ರತಿ. ಕಪ್ಪು-ಬಿಳುಪಿನ ಚಿತ್ರದಲ್ಲಿ ಛಾಯಾಗ್ರಾಹಕ ರಾತ್ರಿಯ ದೃಶ್ಯಕ್ಕೆಂದು ಅಳೆದು ಇಟ್ಟ ಬೆಳಕು ಮೂರನೆಯ ಪ್ರತಿಯಲ್ಲಿ ಬರಿಯ ಮಸಿ. ಮುಖಗಳು ಸುಣ್ಣದ ಗೋಡೆ. 1977ರಲ್ಲಿ ತೆರೆಕಂಡ 'ಸೊಸೆ ತಂದ ಸೌಭಾಗ್ಯ' ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅಂಥ ಅಗಲ ಪರದೆಯ ಚಿತ್ರವನ್ನು ಹಳೆಯ ಟಿ.ವಿ.ಯ ಚೌಕಕ್ಕೆ ತುಂಬುವಾಗ ಎರಡೂ ಬದಿಗಳನ್ನು ಕತ್ತರಿಸಿಬಿಟ್ಟರೆ ಹತ್ತರಲ್ಲಿ ನಾಲ್ಕು ಪಾಲಿಗೂ ಮೀರಿ ಚಿತ್ರ ಹೊರಗುಳಿಯುತ್ತದೆ. ಒಬ್ಬಾಕೆ ಮಾತನಾಡುತ್ತಾಳೆ, ಉತ್ತರ ಕೊಡುವವನು ಕಾಣುವುದಿಲ್ಲ, ಮೂಗಿನ ತುದಿ ಮಾತ್ರ ಕಾಣುತ್ತದೆ. ನೋಡುವವರು "ಏನು ದಡ್ಡ ನಿರ್ದೇಶಕನಪ್ಪಾ" ಎನ್ನುತ್ತಾರೆ. ಮಳೆಯಲ್ಲಿ ನೆನೆದು ಶಾಯಿ ಕದಡಿದ ಉತ್ತರಪತ್ರಿಕೆಗೆ ಅಂಕ ಕಳೆದಂತಾಯಿತು ಇದು.

ಹಾಗೆಂದು ಅಗ್ಗದ ಚಿತ್ರಗಳೆಲ್ಲ ಪೂಜ್ಯವೆಂದು ನಾವು ಹೇಳುತ್ತಿಲ್ಲ. ಬಡತನ ಬೇರೆ, ಸೋಮಾರಿತನ ಬೇರೆ. ಕಥೆಗೂ ತನಗೂ ಸಂಬಂಧವಿಲ್ಲದ ಹಾಸ್ಯಗಾರನ ಕಂತುಗಳನ್ನು ಮಧ್ಯೆ ಮಧ್ಯೆ ತುರುಕಿ, ದಪ್ಪಗಿರುವ ಹೆಂಗಸನ್ನೋ ತೊದಲುವ ಮುದುಕನನ್ನೋ ಗೇಲಿ ಮಾಡಿ ಕಾಲ ನೂಕಿದ ಚಿತ್ರಗಳು ಆ ಪಟ್ಟಿಯಲ್ಲಿಯೂ ಇವೆ. ಅವುಗಳಲ್ಲಿ ಕೆಲವು ಧಾರಾಳವಾಗಿ ಹಣ ಸುರಿದು ತೆಗೆದವು ಎಂಬುದು ತಮಾಷೆ. ಇತ್ತ 1970ರ 'ಸಂಸ್ಕಾರ'ವನ್ನು ನೋಡಿರಿ. ಪಟ್ಟಾಭಿರಾಮ ರೆಡ್ಡಿಯವರು ಅದನ್ನು ಒಂದು ಲಕ್ಷ ರೂಪಾಯಿಯ ಒಳಗೇ ಮಲೆನಾಡಿನ ಅಗ್ರಹಾರದಲ್ಲಿ ಚಿತ್ರಿಸಿದರು. ಮೊದಲು ಮದರಾಸಿನ ಸೆನ್ಸಾರಿನವರು ತಡೆದರು. ಆಮೇಲೆ ಅದೇ ಚಿತ್ರ ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಪ್ರಶಸ್ತಿ ಪಡೆಯಿತು. ಕೈಯಲ್ಲಿದ್ದ ಕಾಸಿಗೆ ಏನು ಮಾಡಿದರು ಎಂದು ಕೇಳಿದಾಗಲೇ ಬಡ ಚಿತ್ರವೂ ಸೋಮಾರಿ ಚಿತ್ರವೂ ಬೇರೆಬೇರೆಯಾಗಿ ಕಾಣತೊಡಗುತ್ತವೆ.

ಈ ಪ್ರಶ್ನೆಯನ್ನು ಹುಡುಗರಿಗೆ ಮುಟ್ಟಿಸಲು ನಮಗೆ ನೆರವಾದದ್ದು ನಮ್ಮ ತೇನಿಯೇ. ಮರುದಿನ ನಾವು ಅವರನ್ನು ಕೇಳಿದೆವು: 1977ರ '16 ವಯದಿನಿಲೇ' ನೋಡಿದ್ದೀರಲ್ಲ, ಅದನ್ನು ತೆಗೆದ ಭಾರತಿರಾಜಾ ಅವರು ಯಾವ ಊರಿನವರು? ತೇನಿಯ ಅಲ್ಲಿನಗರದವರು ಎಂದು ಇಬ್ಬರೂ ಒಟ್ಟಿಗೇ ಕೂಗಿದರು. ಯಾರ ಬಳಿ ಕೆಲಸ ಕಲಿತರು? ತಿಳಿಯದು. ಕನ್ನಡದ ಪುಟ್ಟಣ್ಣ ಕಣಗಾಲರ ಬಳಿ ಸಹಾಯಕರಾಗಿದ್ದರು ಎಂದಾಗ ಇಬ್ಬರ ಬಾಯಿಯೂ ತೆರೆಯಿತು. ಆ ಚಿತ್ರದ ಹಳ್ಳಿ ಯಾವುದು? ನಮ್ಮ ಕಡೆಯದೇ ಎಂದರು. ಅಲ್ಲ, ಕೊಳ್ಳೇಗಾಲದ ಸೀಮೆಯಲ್ಲಿ ಅದರ ಬಹುಪಾಲು ಚಿತ್ರೀಕರಣವಾಯಿತು. 1956ಕ್ಕೆ ಮೊದಲು ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ತಾಲ್ಲೂಕು ಅದು. ಪಣ್ಣೈಪುರದ ಇಳಯರಾಜಾ ಅವರೂ ಅಷ್ಟೇ. 1976ರಲ್ಲಿ 'ಅನ್ನಕ್ಕಿಳಿ'ಯಿಂದ ಹೆಸರಾಗುವ ಮೊದಲು ಜಿ.ಕೆ. ವೆಂಕಟೇಶರ ಸಹಾಯಕರಾಗಿ ಕನ್ನಡ ಚಿತ್ರಗಳಿಗೆ ದುಡಿದವರು. ವೆಂಕಟೇಶರೆಂದರೆ ಯಾರು? ನೀವು ನಿನ್ನೆ ನಕ್ಕ 'ಜೇಡರ ಬಲೆ'ಯ ಸಂಗೀತ ಅವರದು.

'16 ವಯದಿನಿಲೇ' ಕೂಡ ಅಲ್ಪ ಬಂಡವಾಳದ ಚಿತ್ರವೇ. ನಿಧಾನಗತಿಯಲ್ಲಿ ಚಿತ್ರಿಸುವ ಕ್ಯಾಮರಾಕ್ಕೆ ಹಣವಿಲ್ಲದೆ, ನಾಯಕಿಯನ್ನೇ ನಿಧಾನವಾಗಿ ಓಡಿಸಿ ಚಿತ್ರಿಸಿದರೆಂಬ ಕಥೆ ನಮ್ಮ ಕಡೆ ಪ್ರಸಿದ್ಧವಾಗಿದೆ. ಅದನ್ನು ಕೇಳಿ ಹುಡುಗರು ಮೆಚ್ಚಿ ತಲೆಯಾಡಿಸಿದರು. "ಹಾಗಾದರೆ ಆ ರಟ್ಟೂ ಅದೇ ತಾನೆ?" ಎಂದು ಕೇಳಿದೆವು. ದೊಡ್ಡವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಲ್ಲ ಮಾಮಾ, ಓಟ ಗೊತ್ತಾಗೋದಿಲ್ಲ, ರಟ್ಟು ಗೊತ್ತಾಗ್ತದೆ" ಎಂದ. ಉತ್ತರ ಸರಿಯಾಗಿತ್ತು. ಪೂರ್ತಿ ಅಂಕ ಕೊಟ್ಟೆವು.

ಇಷ್ಟೂ ಎಲ್ಲ ಊರಿನ ಪ್ರೇಕ್ಷಕರಿಗೂ ಅನ್ವಯಿಸುವ ಮಾತು. ನಮ್ಮಂಥವರಿಗೆ ಇನ್ನೊಂದು ಲೆಕ್ಕವಿದೆ. ಬೆಂಗಳೂರಿನ ವಿಮರ್ಶಕರು ಅದನ್ನು ಇಡಬೇಕಾಗಿಲ್ಲ, ನಾವು ಇಡಬೇಕು. ಈ ಕಣಿವೆಯ ಒಕ್ಕಲಿಗರೂ ಬೋಡಿಯ ಕಡೆಯ ದೇವಾಂಗರೂ ತಲೆತಲಾಂತರದಿಂದ ಮನೆಯೊಳಗೆ ಕನ್ನಡವಾಡುತ್ತ ಬಂದವರು. ಆದರೆ ಅದು ಬಾಯಿಯ ಕನ್ನಡ. ನಮ್ಮ ಶಾಲೆ ತಮಿಳು ಶಾಲೆ. ಅಲ್ಲಿ ನಾವೇ ತಮಿಳಿನಲ್ಲಿ ಪಾಠ ಹೇಳುತ್ತೇವೆ, ಪ್ರೀತಿಯಿಂದಲೇ ಹೇಳುತ್ತೇವೆ. ಕನ್ನಡ ಲಿಪಿಯನ್ನು ಬಲ್ಲವರು ಊರಿಗೆ ಒಬ್ಬಿಬ್ಬರು. ಹೀಗಿರುವಾಗ ಲಿಪಿಯರಿಯದ ಮನೆಗೆ ಬಂದ ಕನ್ನಡ ಪುಸ್ತಕವೆಂದರೆ ಆ ಕ್ಯಾಸೆಟ್ಟೇ. ಪೌರಾಣಿಕ ಚಿತ್ರದ ರಾಜ ನಾಟಕದ ಕಂಪನಿಯ ಧಾಟಿಯಲ್ಲಿ ಉದ್ದುದ್ದ ಮಾತನಾಡಿದರೆ ವಿಮರ್ಶಕ "ಇದು ಸಿನಿಮಾ ಅಲ್ಲ, ನಾಟಕ" ಎನ್ನುತ್ತಾನೆ. ಒಪ್ಪತಕ್ಕ ಮಾತೇ. ಆದರೆ ಆ ಉದ್ದದ ಮಾತಿನಿಂದಲೇ ನಮ್ಮ ಹಿರಿಯ ಹೆಂಗಸರು ತಮ್ಮ ಮನೆಮಾತಿಗೆ ಇನ್ನೊಂದು ದೊಡ್ಡ ಅಂಗಳವಿದೆಯೆಂದು ತಿಳಿದುಕೊಂಡರು. ಅಡುಗೆಮನೆಯಲ್ಲಿ ಆಡಲು ನಾಚುತ್ತಿದ್ದ ಶಬ್ದವನ್ನು ಕಿರೀಟ ಧರಿಸಿದವನೊಬ್ಬ ಆಡಿದ ಮೇಲೆ ಅವರಿಗೆ ಧೈರ್ಯ ಬಂತು.

ಇನ್ನು ನಮ್ಮ ತಪ್ಪನ್ನು ಹೇಳಿಬಿಡುತ್ತೇವೆ. ನಮ್ಮ ಮನೆಯಲ್ಲಿಯೂ ಇಂಥದೇ ಒಂದು ಪೆಟ್ಟಿಗೆಯಿತ್ತು, ಒಂಬತ್ತು ಕ್ಯಾಸೆಟ್ಟುಗಳು. ಡೆಕ್ಕು ತಯಾರಿಸುವ ಕೊನೆಯ ಕಂಪನಿಯೂ 2016ರಲ್ಲಿ ತಯಾರಿಕೆ ನಿಲ್ಲಿಸಿತೆಂದು ಪತ್ರಿಕೆಯಲ್ಲಿ ಓದಿ ಗಾಬರಿಯಾಗಿ, ಕೂಡಲೇ ಇಳಿಸಿಬಿಡಬೇಕೆಂದು ಹೊರಟೆವು. ಕೈಯಲ್ಲಿದ್ದ ಹಣಕ್ಕೆ ಐದು. ಒಂದು ಇಡೀ ಭಾನುವಾರ ಕುಳಿತು ಒಂಬತ್ತಕ್ಕೂ ಅಂಕ ಹಾಕಿದೆವು. ಪುಟ್ಟಣ್ಣನವರ 'ಬೆಳ್ಳಿಮೋಡ', 'ಶರಪಂಜರ' ತಾವಾಗಿಯೇ ಗೆದ್ದವು. ಅವೆರಡಕ್ಕೂ ಇಂದು ಎಲ್ಲಿ ಬೇಕಾದರೂ ಪ್ರತಿ ಸಿಗುತ್ತದೆ ಎಂಬುದು ಆಗ ನಮಗೆ ಹೊಳೆಯಲೇ ಇಲ್ಲ! ಕೊನೆಯ ಸ್ಥಾನ ಬಂದದ್ದು ಒಂದು ಭಕ್ತಿಚಿತ್ರಕ್ಕೆ. ಎರಡು ಚಿತ್ರಗಳನ್ನು ಒಂದೇ ಕ್ಯಾಸೆಟ್ಟಿನಲ್ಲಿ ಹಿಡಿಸಲು ಯಾರೋ ಅದರ ಆರಂಭವನ್ನು ಕತ್ತರಿಸಿದ್ದರು. ಸೆನ್ಸಾರಿನ ಪ್ರಮಾಣಪತ್ರವಿಲ್ಲ, ಹೆಸರಿಲ್ಲ, ತಾರಾಗಣವಿಲ್ಲ; ನೇರವಾಗಿ ಬಾವಿಕಟ್ಟೆಯ ಜಗಳದಿಂದ ಶುರು. ಹೊರಗಿನ ಚೀಟಿಯೂ ಕಿತ್ತುಹೋಗಿತ್ತು. ದೇವರು ಪ್ರತ್ಯಕ್ಷನಾಗುವಾಗ ಹಿಂದಿನ ಗುಡಿ ಗಾಳಿಗೆ ಅಲ್ಲಾಡುತ್ತಿತ್ತು. ಬಟ್ಟೆಯ ಮೇಲೆ ಬರೆದ ಗುಡಿ. ನೂರಕ್ಕೆ ಹದಿನೆಂಟು ಎಂದು ಬರೆದು ಪಕ್ಕಕ್ಕಿಟ್ಟೆವು. ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದಿತ್ತು ಎಂಬ ನೆಪವೂ ಸಿಕ್ಕಿತು. ನಾಲ್ಕು ಕ್ಯಾಸೆಟ್ಟುಗಳೂ ಹಳೇ ಕಬ್ಬಿಣದ ಜೊತೆ ಹೋದವು.

ನಮ್ಮ ಸೋದರತ್ತೆಯವರು ಕೊನೆಯ ವರ್ಷ ನಮ್ಮ ಮನೆಯಲ್ಲೇ ಇದ್ದರು. ನೆನಪು ಮಸುಕಾಗಿತ್ತು. ತಮಿಳು ಪೂರ್ತಿ ಮರೆತು ಕನ್ನಡವೊಂದೇ ಉಳಿದಿತ್ತು; ಸೊಸೆಯಂದಿರಿಗೆ ಅದು ಅರ್ಥವಾಗುತ್ತಿರಲಿಲ್ಲ. ಒಂದು ಸಂಜೆ ನಮ್ಮ ಕೈಹಿಡಿದು, "ಆ ಗುಡಿ ಅಲ್ಲಾಡ್ತದಲ್ಲಪ್ಪಾ, ಆ ಪಡ ಹಾಕು" ಎಂದರು. ನಾವು ಬೇರೆ ಏನೋ ಹಾಕಿದೆವು. ನೋಡಿ, "ಇದಲ್ಲ" ಎಂದರು. ಆಮೇಲೆ ತಾವೇ ಬಾವಿಕಟ್ಟೆಯ ಜಗಳದ ಮಾತುಗಳನ್ನು, ಅತ್ತೆಯದೊಂದು ದನಿಯಲ್ಲಿ, ಸೊಸೆಯದೊಂದು ದನಿಯಲ್ಲಿ, ಒಂದೂ ತಪ್ಪದಂತೆ ಹೇಳತೊಡಗಿದರು. ಗುಡಿ ಅಲ್ಲಾಡುವುದನ್ನು ಅವರು ಎಂದೋ ಗಮನಿಸಿದ್ದರು. ಅವರಿಗೆ ಅದು ದೇವರು ಬರುವ ಗುರುತಾಗಿತ್ತು.

ಅದನ್ನು ಮತ್ತೆ ಹುಡುಕಲು ಯತ್ನಿಸಿದ್ದುಂಟು. ಈಗ ಫೋನಿನಲ್ಲಿ ಹೆಸರು ಹೊಡೆದರೆ ಎಷ್ಟೋ ಹಳೆಯ ಚಿತ್ರ ಸಿಗುತ್ತದೆ. ಹೆಸರೇ ಇಲ್ಲದ್ದನ್ನು ಏನೆಂದು ಹೊಡೆಯುವುದು? ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ', 1934ರದು, ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆದರೂ ಅದಕ್ಕೊಂದು ಹೆಸರಿದೆ, ಇತಿಹಾಸದಲ್ಲಿ ಸಾಲಿದೆ. ನಮ್ಮದಕ್ಕೆ ಅದೂ ಇಲ್ಲ.

ದಿಂಡಿಗಲ್ಲಿನ ಬಂಧುಗಳೇ, ತಮ್ಮ ಪಟ್ಟಿಯಲ್ಲಿ ಏಳನೆಯದರ ಮುಂದೆ "ಹೆಸರು ತಿಳಿಯದು, ಮೊದಲು ಇಲ್ಲ, ದೇವರ ಪಡ" ಎಂದು ಬರೆದಿದ್ದೀರಿ. ಬೂಷ್ಟು ಹಿಡಿದಿದ್ದರೆ ದಯವಿಟ್ಟು ಡೆಕ್ಕಿಗೆ ಹಾಕಬೇಡಿರಿ, ಟೇಪೂ ಕೆಡುತ್ತದೆ, ಡೆಕ್ಕೂ ಕೆಡುತ್ತದೆ. ತೇವವಿಲ್ಲದ ಕಡೆ ನಿಲ್ಲಿಸಿ ಇಡಿರಿ. ಶುಚಿಮಾಡಿ ಇಳಿಸುವವರೊಬ್ಬರು ಮಧುರೆಯಲ್ಲಿದ್ದಾರೆಂದು ಕೇಳಿದ್ದೇವೆ. ಬರುವ ಶನಿವಾರ ಶಾಲೆಗೆ ರಜೆಯಿದೆ. ಮೊದಲ ಬಸ್ಸಿಗೆ ಹೊರಟು ತಮ್ಮ ಮನೆಗೆ ಬರುತ್ತೇವೆ. ಏಳನೆಯದರ ಖರ್ಚು ನಮ್ಮದು. ಅದು ಬಾವಿಕಟ್ಟೆಯಿಂದ ಶುರುವಾಗುತ್ತದೆಯೇ ಎಂಬುದನ್ನಷ್ಟು ನೋಡಬೇಕಾಗಿದೆ.