ಠೇವಣಿ ಇಡಬೇಕಾದವರು ಯಾರು?

ಬಾಕಿ ಕೇಳಲು ಕೋರ್ಟಿಗೆ ಹೋದವನೇ ಎದುರಾಳಿಯ ಖರ್ಚಿಗೆ ಜಾಮೀನು ಕೊಡಬೇಕೆಂದರೆ ಅದಾವ ನ್ಯಾಯ? ರಾಜಾಜಿನಗರದ ಬಾಡಿಗೆ ಷೆಡ್ಡಿನಲ್ಲಿ ಲೇತ್ ನಡೆಸುವವನ ಮೇಲೆ ದೊಡ್ಡ ಕಂಪನಿಯ ವಕೀಲರು ಇಂಥ ಅರ್ಜಿ ಹಾಕಿದರೆ ಅವನು ಎದೆಗುಂದಬೇಕಾಗಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 25ನೆಯ ಆದೇಶದಂತೆ ಖರ್ಚಿನ ಭದ್ರತೆ ಕಡ್ಡಾಯವಾಗುವುದು ಭಾರತದ ಹೊರಗೆ ವಾಸಿಸುವ, ಇಲ್ಲಿ ಸಾಕಷ್ಟು ಸ್ಥಿರಾಸ್ತಿಯೂ ಇಲ್ಲದ ಫಿರ್ಯಾದಿಗೆ. ಉಳಿದವರಿಂದ ಕೇಳಬೇಕಾದರೆ ಕೋರ್ಟು ಕಾರಣ ಬರೆಯಬೇಕು. ಬಡತನವೇ ಆ ಕಾರಣವಾಗಕೂಡದು. ಭದ್ರತೆ ಕೊಡದಿದ್ದರೆ ದಾವೆಯೇ ವಜಾ!

2006ರ ಸಣ್ಣ ಉದ್ದಿಮೆಗಳ ಕಾಯಿದೆ ಈ ಹೊರೆಯನ್ನು ಸರಿಯಾದ ಹೆಗಲಿಗೆ ಹಾಕಿತು. ಸರಕು ಕೊಂಡವರು ಹಣ ಕೊಡಲು 45 ದಿನ ಮೀರಿಸುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕ್ ದರದ ಮೂರುಪಟ್ಟು ಚಕ್ರಬಡ್ಡಿ. ಆ ಕಾಯಿದೆಯ ಸೌಲಭ್ಯ ಮಂಡಲಿ ಕೊಟ್ಟ ತೀರ್ಪನ್ನು ರದ್ದುಮಾಡಿಸಲು ಹೋಗುವ ಕಂಪನಿ ಮೊದಲು ಶೇಕಡ 75ರಷ್ಟು ಹಣವನ್ನು ಠೇವಣಿ ಇಡಬೇಕು. ವ್ಯಾಜ್ಯ ನಡೆಯುತ್ತಿರುವಾಗಲೇ ಅದರಲ್ಲೊಂದು ಭಾಗವನ್ನು ಸರಕು ಕೊಟ್ಟವನಿಗೆ ಕೊಡಿಸಬಹುದು. ಶನಿವಾರದ ಬಟವಾಡೆ ನಡೆಯುವುದು ಇಂಥ ಹಣದಿಂದಲೇ. (ಸರಕು ಕಳಿಸುವ ಮೊದಲೇ ಉದ್ಯಮ್ ನೋಂದಣಿ ಮಾಡಿಸಿಡಿ, ಆಮೇಲೆ ಓಡಿದರೆ ಹೊಸ ತಕರಾರು ಹುಟ್ಟುತ್ತದೆ.)

ಅಂಗಡಿಕಾರನ ಗತಿಯೇನು? 2021ರಲ್ಲಿ ಕೇಂದ್ರ ಸರ್ಕಾರ ವ್ಯಾಪಾರಿಗಳಿಗೂ ನೋಂದಣಿ ಕೊಟ್ಟಿತು. ಆದರೆ ಅದರ ಪ್ರಯೋಜನ ಬ್ಯಾಂಕುಗಳ ಆದ್ಯತಾ ಸಾಲಕ್ಕಷ್ಟೇ. ಠೇವಣಿಯ ರಕ್ಷಣೆ ಅವನಿಗಿಲ್ಲ. ಬಾಕಿ 3 ಲಕ್ಷಕ್ಕೆ ಕಡಿಮೆಯಿಲ್ಲದಿದ್ದರೆ ಅವನು ವಾಣಿಜ್ಯ ನ್ಯಾಯಾಲಯಕ್ಕೆ ಹೋಗಬೇಕು. ಅಲ್ಲಿ ಪ್ರತಿವಾದಿಯ ಉತ್ತರಕ್ಕೆ 120 ದಿನದ ಕಟ್ಟುನಿಟ್ಟು ಗಡುವಿದೆ, ನಿಜ. ಅರ್ಜಿಯ ಮೇಲೆ ಅರ್ಜಿ ಹಾಕುವುದಕ್ಕೆ ಗಡುವೆಲ್ಲಿ? ಸಂಸತ್ತು 2006ರ ಕಾಯಿದೆಯನ್ನು ತಿದ್ದಿ, ಸಣ್ಣ ವ್ಯಾಪಾರಿಯ ಬಾಕಿಯನ್ನೂ ಮಂಡಲಿಯ ಮುಂದೆ ತರಬೇಕು. 75ರ ಠೇವಣಿಯ ನಿಯಮ ಅವನಿಗೂ ಸಿಗಬೇಕು.