ನಾನು ಬಾವಿಗೆ ಎಸೆದ ಮಾತು

ಹೋದ ಭಾನುವಾರ ನಮ್ಮನೆಯಲ್ಲಿ ನನ್ನ ವಿಚಾರಣೆ ನಡೆಯಿತು. ನ್ಯಾಯಾಧೀಶೆ, ಒಂಬತ್ತನೇ ಕ್ಲಾಸಿನ ಮೊಮ್ಮಗಳು.

ನನ್ನ ಅಕ್ಕನಿಗೆ ಈಗ 84. ಬೀಸುವ ಪದ, ಸೋಬಾನೆ ಪದ ಅವಳ ಬಾಯಲ್ಲೇ ಇವೆ. ಎರಡು ವರ್ಷದಿಂದ ಅವನ್ನು ಫೋನಿನಲ್ಲಿ ಹಿಡಿದು, ಲ್ಯಾಪ್‌ಟಾಪಿಗೆ ಹಾಕಿ, ಫೋನಿನಿಂದ ಅಳಿಸುತ್ತಿದ್ದೆ. ಲ್ಯಾಪ್‌ಟಾಪೇ ಕೈಕೊಟ್ಟರೆ? ಅದಕ್ಕೆಂದೇ ಪಕ್ಕದಲ್ಲಿ ಇನ್ನೊಂದು ಡಿಸ್ಕ್. ರಾತ್ರಿ ಮಲಗುವ ಮುಂಚೆ ಒಂದು ಪುಟ್ಟ ಶೆಲ್ ಸ್ಕ್ರಿಪ್ಟ್ ಓಡಿಸಿದರೆ ಹೊಸ ಹಾಡುಗಳೆಲ್ಲ ಅಲ್ಲಿಗೂ ನಕಲಾಗಬೇಕು. ಶೆಲ್ ಸ್ಕ್ರಿಪ್ಟ್ ಅಂದರೆ ಕಂಪ್ಯೂಟರಿಗೆ ಬರೆದುಕೊಟ್ಟ ಕೆಲಸದ ಚೀಟಿ, ಮಕ್ಕಳೇ. ಅದು ಒಂದೊಂದೇ ಸಾಲು ಓದಿ ಮಾಡುತ್ತಾ ಹೋಗುತ್ತದೆ.

ಆದರೆ ಅದರ ಬಾಯಿ! ಈ ಹಾಡು ನೋಡಿದೆ, ಆ ಹಾಡು ನೋಡಿದೆ ಎಂದು ಪರದೆ ತುಂಬ ವರದಿ. ತಲೆ ಚಿಟ್ಟು ಹಿಡಿದು, ಎಲ್ಲೋ ಕಂಡ ಒಂದು ಸಾಲನ್ನು ನಕಲು ಮಾಡಿ ಚೀಟಿಯ ಕೊನೆಗೆ ಅಂಟಿಸಿದೆ:

> /ಡೆವ್/ನಲ್ 2>&1

ಲಿನಕ್ಸ್ ಯಂತ್ರಗಳಲ್ಲಿ 'ಡೆವ್ ನಲ್' ಎಂಬುದು ನೋಡಲು ಒಂದು ಕಡತದಂತೆ. ಎಷ್ಟು ಸುರಿದರೂ ತುಂಬುವುದಿಲ್ಲ, ಓದಹೋದರೆ ಏನೂ ಸಿಗುವುದಿಲ್ಲ. ಕಸದ ಬುಟ್ಟಿಯನ್ನಾದರೂ ಮತ್ತೆ ತಡಕಬಹುದು. ಇದು ತಳವಿಲ್ಲದ ಬಾವಿ. > ಗುರುತು, ಬಂದ ಮಾತನ್ನು ಅತ್ತ ತಿರುಗಿಸುವ ಕಾಲುವೆ. ಅಂದಿನಿಂದ ಪರದೆ ಗಪ್‌ಚಿಪ್. ನನಗೂ ನೆಮ್ಮದಿ.

ಕಳೆದ ತಿಂಗಳು ಲ್ಯಾಪ್‌ಟಾಪ್ ಸತ್ತೇ ಹೋಯಿತು. ಧೈರ್ಯವಾಗಿ ಇನ್ನೊಂದು ಡಿಸ್ಕ್ ತೆರೆದರೆ, ಯುಗಾದಿಗೆ ಅಕ್ಕ ಹಾಡಿದ ಮೂರು ಹಾಡುಗಳಿಲ್ಲ. ಮನೆಯವರು ಅದೇ ಡಿಸ್ಕಿಗೆ ಮದುವೆಯ ವಿಡಿಯೋ ತುಂಬಿದ್ದರು. ಜಾಗವೇ ಉಳಿದಿರಲಿಲ್ಲ.

"ಜಾಗ ಇಲ್ಲ ಅಂತ ಅದು ನಿಮಗೆ ಹೇಳ್ಲಿಲ್ವಾ ತಾತ?" ಎಂದಳು ಮೊಮ್ಮಗಳು.

"ಇಲ್ಲ ಪುಟ್ಟಿ, ಒಂದು ಮಾತೂ ಹೇಳ್ಲಿಲ್ಲ."

ಡಿಸ್ಕಿನಲ್ಲಿ ಆ ಚೀಟಿಯ ಪ್ರತಿಯೂ ಇತ್ತು. ಓದಿ ನಕ್ಕಳು. "ದಿನಾ ಹೇಳಿದೆ ತಾತ. ನೀವೇ ಬಾವಿಗೆ ಹಾಕಿದೀರಿ."

ವಿಷಯ ಇಲ್ಲಿದೆ. ಪ್ರೋಗ್ರಾಮಿನ ಮಾತು ಹೊರಬರಲು ಎರಡು ಬಾಗಿಲುಗಳಿವೆ. 1ನೇ ಬಾಗಿಲಲ್ಲಿ ಮಾಮೂಲಿ ವರದಿ, 2ನೇ ಬಾಗಿಲಲ್ಲಿ ತಪ್ಪು, ತೊಂದರೆಗಳ ದೂರು. ಬರೀ > ಹಾಕಿದ್ದರೆ 1ನೇ ಬಾಗಿಲಿನದಷ್ಟೇ ಬಾವಿಗೆ ಹೋಗುತ್ತಿತ್ತು, ದೂರು ಪರದೆಗೆ ಬರುತ್ತಿತ್ತು. 2>&1 ಅಂದರೆ '1 ಎಲ್ಲಿಗೋ 2 ಕೂಡ ಅಲ್ಲಿಗೇ'. ಅರ್ಥ ತಿಳಿಯದೆ ಬಾಲವನ್ನೂ ಅಂಟಿಸಿದ್ದೆ. ಅಕ್ಕಿ ತೊಳೆದ ನೀರು ಚೆಲ್ಲುವಾಗ ಅಕ್ಕಿಯನ್ನೂ ಚೆಲ್ಲಿದ ಹಾಗೆ.

ಈ ಎರಡನೇ ಬಾಗಿಲು ಮೊದಲಿನಿಂದಲೂ ಇದ್ದದ್ದಲ್ಲ. 1970ರ ದಶಕದಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ಬೆಳೆಯುತ್ತಿದ್ದಾಗ, ಅಲ್ಲಿನವರು ತಮ್ಮ ಬರಹಗಳನ್ನು ಫೋಟೋಟೈಪ್‌ಸೆಟ್ಟರ್ ಎಂಬ ಅಚ್ಚಿನ ಯಂತ್ರಕ್ಕೆ ಕಳಿಸುತ್ತಿದ್ದರು. ಕಾಗದವನ್ನು ತೊಳೆದು ತೆಗೆದರೆ, ಬೇಕಾದ ಪುಟದ ಬದಲು 'ಕಡತ ತೆರೆಯಲಾಗಲಿಲ್ಲ' ಎಂಬ ಅರ್ಥದ ಒಂದೇ ಸಾಲು, ಅದೂ ಮುದ್ದಾದ ಅಕ್ಷರಗಳಲ್ಲಿ! ಇದು ಹಲವರಿಗಾಗಿ ಗೊಣಗಾಟ ಜೋರಾದ ಮೇಲೆ ದೂರಿಗೆ ಬೇರೆ ಬಾಗಿಲು ಇಟ್ಟರು. ಅವರು ಕಷ್ಟಪಟ್ಟು ಬೇರೆ ಮಾಡಿದ್ದನ್ನು ನಾನು ನಾಲ್ಕು ಅಕ್ಷರದಲ್ಲಿ ಮತ್ತೆ ಕೂಡಿಸಿಬಿಟ್ಟಿದ್ದೆ.

ಹಾಗಂತ ಬಾವಿಯನ್ನು ನಾನು ಬೈಯುವುದಿಲ್ಲ. ಬೇಡದ ಮಾತು ರಾಶಿ ಬಿದ್ದರೆ ಬೇಕಾದದ್ದು ಅದರಡಿ ಮುಚ್ಚಿಹೋಗುತ್ತದೆ. ಈಗ ಹೊಸ ಚೀಟಿಯಲ್ಲಿ ವರದಿ ಬಾವಿಗೆ, ದೂರು 'ದೂರು' ಎಂಬ ಹೆಸರಿನ ಕಡತಕ್ಕೆ. ಅದನ್ನು ಭಾನುವಾರ ತೆರೆದು ಓದುವುದು ಮೊಮ್ಮಗಳ ಕೆಲಸ. ನನ್ನ ಮೇಲೆ ಅವಳಿಗೆ ನಂಬಿಕೆಯಿಲ್ಲ.

ಹಾಡುಗಳಿಗಾಗಿ ಮತ್ತೆ ಅಕ್ಕನ ಮುಂದೆ ಕೂತೆವು. ಎರಡನ್ನು ಪೂರಾ ಹಾಡಿದಳು. ಮೂರನೆಯದರ ಮೊದಲ ಸಾಲು ಹೇಳಿ ನಿಲ್ಲಿಸಿದಳು. "ಮುಂದಿಂದು ಮರ್ತ್‌ಹೋಯ್ತು ಕಣೋ. ಯುಗಾದೀಲಿ ಹಾಡಿದ್ನಲ್ಲ, ಅದನ್ನೇ ಹಾಕು, ಕೇಳಿ ನೆನಪು ಮಾಡ್ಕೋತೀನಿ" ಎಂದಳು.

ಮೊಮ್ಮಗಳು ನನ್ನ ಮುಖ ನೋಡಿದಳು.